ರಟ್ಟು ತೆರೆದು ನೋಡದೆ ಗುಜರಿಗೆ ಹಾಕಬೇಡಿ

ಹದಿನೈದು ವರ್ಷದ ಹಿಂದಿನ ಮಾತು. ರಮಝಾನಿಗೆ ಮುಂಚೆ ಮನೆ ತೊಳೆಯುವ ಗಡಿಬಿಡಿಯಲ್ಲಿ ನಮ್ಮ ಜಮಾಅತಿನ ಒಂದು ಮನೆಯವರು ಅಟ್ಟದಿಂದ ಎರಡು ಗೋಣಿ ಹಳೆಯ ಕಿತಾಬು ಇಳಿಸಿದರು. "ಉಸ್ತಾದರೇ, ಇದನ್ನು ಏನು ಮಾಡುವುದು? ಮುಟ್ಟಿದರೆ ಪುಡಿ ಪುಡಿ ಆಗ್ತದೆ" ಎಂದು ಕೇಳಿದರು. ನಾವು ಮೇಲಿನ ನಾಲ್ಕು ಹಾಳೆ ಮಾತ್ರ ನೋಡಿದೆವು. ಮುಸ್‌ಹಫಿನ ಹರಿದ ಹಾಳೆಗಳು. "ಕಾಲು ಬೀಳದ ಜಾಗದಲ್ಲಿ ಹೂತುಬಿಡಿ" ಎಂದೆವು. ಹೂತರು. ತಿಂಗಳು ಕಳೆದ ಮೇಲೆ ಆ ಮನೆಯ ಅಜ್ಜಿ ಕೇಳಿದರು: "ಕೆಂಪು ರಟ್ಟಿನ ಮಾಲೆ ಕಿತಾಬು ಎಲ್ಲಿ ಉಸ್ತಾದ್? ನಾವು ಮಕ್ಕಳು ಹುಟ್ಟಿದ ದಿನವನ್ನೆಲ್ಲ ನನ್ನ ಬಾಪ ಅದರಲ್ಲಿ ಬರೆದಿಟ್ಟಿದ್ದರು."

ನಮ್ಮಲ್ಲಿ ಉತ್ತರ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿ ಅವರ ಹುಟ್ಟಿದ ದಿನ ಜನವರಿ 1 ಅಂತ ಇತ್ತು. ಶಾಲೆಗೆ ಹೋಗದ ನಮ್ಮ ಎಷ್ಟೋ ಅಜ್ಜಿಯಂದಿರಿಗೆ ಅದೇ ದಿನ.

ಆಮೇಲೆ ನಾವು ಗೋಣಿಯ ತಳದವರೆಗೆ ನೋಡದೆ ಮಾತಾಡುವುದಿಲ್ಲ. ಬೇಡ ಎಂದವರಿಂದ ಕೇಳಿ ತಂದ ರಟ್ಟಿನ ಬೈಂಡಿನ ಕಿತಾಬುಗಳು ಈಗ ನಮ್ಮ ಕಪಾಟಿನ ಎರಡು ಸಾಲು ತುಂಬಿವೆ. ಹೆಚ್ಚಿನವು ನೂರು ವರ್ಷದ ಆಸುಪಾಸಿನವು.

ಕರಾವಳಿಯ ಬ್ಯಾರಿ ಮನೆಗಳಲ್ಲಿ ಮುಖ್ಯವಾಗಿ ಸಿಗುವುದು ಎರಡು ಬಗೆ. ಒಂದು, ಅರಬಿ ಮಲಯಾಳ ಲಿಪಿಯ ಮಾಲೆ, ಪಾಟು, ಮಸ್ಅಲದ ಕಿತಾಬು. ತಲಶ್ಶೇರಿ, ಪೊನ್ನಾನಿ, ತಿರೂರಂಗಾಡಿಯ ಪ್ರೆಸ್ಸುಗಳಲ್ಲಿ ಕಲ್ಲಚ್ಚಿನಲ್ಲಿ ಅಚ್ಚಾದವು. ಅಚ್ಚುಮೊಳೆ ಜೋಡಿಸುವುದಲ್ಲ ಇದು. ಕೈಬರಹ ಚಂದ ಇರುವ ಕಾತಿಬ್ ಜಿಡ್ಡಿನ ಶಾಯಿಯಲ್ಲಿ ಬರೆಯುತ್ತಿದ್ದ, ಅದು ಕಲ್ಲಿಗೆ ಇಳಿಯುತ್ತಿತ್ತು. ಒದ್ದೆ ಕಲ್ಲಿನಲ್ಲಿ ಜಿಡ್ಡು ಇದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ, ಅಷ್ಟೇ ಗುಟ್ಟು. ಹಾಗಾಗಿ ನೀವು ಓದುವುದು ಒಬ್ಬ ಮನುಷ್ಯನ ಕೈಬರಹವನ್ನೇ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಬರೆದ ಮುಹ್ಯಿದ್ದೀನ್ ಮಾಲೆ, ಮೋಯಿನ್‌ಕುಟ್ಟಿ ವೈದ್ಯರ ಪಾಟುಗಳು ನಮ್ಮ ಅಜ್ಜಿಯಂದಿರ ಬಾಯಿಗೆ ಬಂದದ್ದು ಇಂಥ ಕಿತಾಬುಗಳ ಮೂಲಕವೂ ಹೌದು.

ಇನ್ನೊಂದು ದರ್ಸಿನ ಕಿತಾಬು. ಫತ್ಹುಲ್ ಮುಈನನ್ನೇ ತೆಗೆದುಕೊಳ್ಳಿ. ಬರೆದವರು ನಮ್ಮದೇ ಕರಾವಳಿಯ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು. ಅದಕ್ಕೆ ವಿವರಣೆಯಾಗಿ ಮಕ್ಕಾದ ಸಯ್ಯಿದ್ ಬಕ್ರಿಯವರು ಬರೆದ ಇಆನತುತ್ತಾಲಿಬೀನ್ ಕೈರೋದಲ್ಲಿ 4 ಭಾಗಗಳಾಗಿ ಅಚ್ಚಾಯಿತು, ಅಂಚಿನಲ್ಲಿ ಫತ್ಹುಲ್ ಮುಈನನ್ನು ಇಟ್ಟುಕೊಂಡು. ಪೊನ್ನಾನಿಯ ಕಿತಾಬು ಮಿಸ್ರಿಗೆ ಹೋಗಿ, ಸಮುದ್ರ ದಾಟಿ ನಮ್ಮ ಪಳ್ಳಿಗಳ ದರ್ಸಿಗೆ ವಾಪಸು ಬಂತು.

ಪ್ರಾಯ ತಿಳಿಯಬೇಕಾದರೆ ಮೊದಲ ಪುಟಕ್ಕಿಂತ ಕೊನೆಯ ಪುಟ ನೋಡಿ. ಕಾತಿಬನ ಹೆಸರು, ಪ್ರೆಸ್ಸು, ಹಿಜ್ರಿ ವರ್ಷ ಸಾಮಾನ್ಯವಾಗಿ ಅಲ್ಲಿರುತ್ತದೆ. ಹಿಜ್ರಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಇಸವಿ ಹತ್ತಿರ ಹತ್ತಿರ ಸಿಗುತ್ತದೆ. 1330 ಅಂತ ಇದ್ದರೆ 1912. ಕೊಲ್ಲಂ ವರ್ಷ ಇದ್ದರೆ 825 ಕೂಡಿಸಿದರೆ ಸಾಕು. ಪುಟದ ಅಡಿಯಲ್ಲಿ ಒಂದೇ ಪದ ಒಂಟಿಯಾಗಿ ಕಂಡರೆ ತಪ್ಪು ಅಚ್ಚು ಅಂದುಕೊಳ್ಳಬೇಡಿ. ಮುಂದಿನ ಪುಟದ ಮೊದಲ ಪದ ಅದು, ಬೈಂಡು ಮಾಡುವಾಗ ಹಾಳೆ ಹಿಂದುಮುಂದು ಆಗದಿರಲಿಕ್ಕೆ.

ಆದರೆ ಅಚ್ಚಿಗಿಂತ ನಾವು ಮೊದಲು ಹುಡುಕುವುದು ರಟ್ಟಿನ ಒಳಬದಿಯ ಖಾಲಿ ಹಾಳೆಗಳನ್ನು. ಕಾಗದಕ್ಕೆ ಬರಗಾಲ ಇದ್ದ ಕಾಲ. ಮಗು ಹುಟ್ಟಿದ ರಾತ್ರಿ, ಮೌತಾದ ದಿನ, ಮದುವೆಗೆ ಕೊಟ್ಟ ಬಂಗಾರ, ಯಾರಿಗೋ ಸಾಲ ಕೊಟ್ಟ ಅಕ್ಕಿಯ ಲೆಕ್ಕ, ಎಲ್ಲ ಅಲ್ಲೇ. ನಮ್ಮಲ್ಲಿರುವ ಒಂದರಲ್ಲಿ "ಈ ಕಿತಾಬು ಇಂಥವಳದ್ದು" ಎಂದು ಒಬ್ಬ ಹೆಂಗಸು ಅರಬಿ ಮಲಯಾಳದಲ್ಲಿ ಬರೆದಿದ್ದಾಳೆ. ನಮ್ಮ ಹೆಂಗಸರಿಗೆ ಓದು ಬರಹ ಇರಲಿಲ್ಲ ಅಂತ ಭಾಷಣ ಬಿಗಿಯುವವರಿಗೆ ಅದನ್ನು ತೋರಿಸಬೇಕು ಅನಿಸುತ್ತದೆ.

ಕಾಗದ ಪುಡಿಯಾಗುವುದು ಪ್ರಾಯದಿಂದ ಮಾತ್ರ ಅಲ್ಲ. ಆ ಕಾಲದ ಕಾಗದಕ್ಕೆ ಮರದ ತಿರುಳು, ಪಟಿಕ ಸೇರುತ್ತಿತ್ತು. ಅದರ ಹುಳಿಯೇ ಕಾಗದವನ್ನು ಒಳಗಿಂದ ತಿನ್ನುತ್ತದೆ. ಅದಕ್ಕಿಂತ ಹಿಂದಿನ ಕೈಕಾಗದ ಇವತ್ತಿಗೂ ಮೆತ್ತಗೆ ಇರುವುದನ್ನು ನೋಡಿದ್ದೇವೆ. ಇನ್ನು ಬೈಂಡಿನ ಹಿಟ್ಟಿನ ಅಂಟಿಗೆ ಹುಳ ಬರುತ್ತದೆ, ಆಟಿಯ ಮಳೆಗೆ ಬೂಷ್ಟು ಹಿಡಿಯುತ್ತದೆ.

ಹಾಳು ಮಾಡುವವರಲ್ಲಿ ನಾವೂ ಸೇರಿದ್ದೇವೆ. ಪ್ರೀತಿಯಿಂದಲೇ ಸೆಲ್ಲೋಟೇಪ್ ಹಚ್ಚುತ್ತೇವೆ, ಅದರ ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಶನ್ ಮಾಡಿದರೆ ಮತ್ತೆ ಬಿಡಿಸಲಿಕ್ಕೆ ಆಗುವುದಿಲ್ಲ. ಹೊಸ ಬೈಂಡಿಗೆ ಕೊಟ್ಟರೆ ಬೈಂಡರ್ ಅಂಚು ಕತ್ತರಿಸಿ ನೀಟು ಮಾಡಿಕೊಡುತ್ತಾನೆ, ಯಾವುದೋ ಮುದರ್ರಿಸರು ಅಂಚಿನಲ್ಲಿ ಬರೆದ ಹಾಶಿಯಾ ಕಸದ ಬುಟ್ಟಿಗೆ. ಬಿಸಿಲಿಗೆ ಒಣಗಿಸುವುದೂ ಬೇಡ, ನೆರಳಿನ ಗಾಳಿ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ತೇವ ಒಳಗೇ ಉಳಿಯುತ್ತದೆ. ಗಂಜಿ ಹಾಕದ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಮೇಲೆ, ಗೋಡೆಗೆ ತಾಗದಂತೆ ಮಲಗಿಸಿ ಇಡಿ.

ಮುಸ್‌ಹಫಿನ ಬಿಡಿ ಹಾಳೆಗಳನ್ನು ಅದಬಿನಿಂದ ಹೂಳುವ ಕ್ರಮ ಇದ್ದೇ ಇದೆ. ಅದರ ಜೊತೆ ಇಡೀ ಗೋಣಿಯನ್ನು ಹೂಳಬೇಕಾಗಿಲ್ಲ. ಗುಜರಿಯವನಿಗೆ ತೂಕಕ್ಕೆ ಹಾಕುವುದಂತೂ ಬೇಡವೇ ಬೇಡ. ಈ ಸಲ ಅಟ್ಟ ಗುಡಿಸುವಾಗ ಕಿತಾಬು ಸಿಕ್ಕಿದರೆ ಮೊದಲು ಎರಡೂ ರಟ್ಟಿನ ಒಳಬದಿ, ಮೊದಲ ಪುಟ, ಕೊನೆಯ ಪುಟ, ನಾಲ್ಕರ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅರಬಿ ಮಲಯಾಳ ಓದಲಿಕ್ಕೆ ಬರುವ ಹಿರಿಯರು ಮೊಹಲ್ಲಾದಲ್ಲಿ ಇನ್ನೂ ಇದ್ದರೆ ಅವತ್ತೇ ಸಂಜೆ ಅವರ ಮನೆಗೆ ಹೋಗಿ ಓದಿಸಿ. ಅಂಥವರು ಪ್ರತಿ ವರ್ಷ ಕಡಿಮೆ ಆಗ್ತಾ ಇದ್ದಾರೆ.