ಹಕ್ಕಿ ನೋಡಲು ಬರುವ ದೂರದ ನೆಂಟರು

ಮೊಬೈಲಿನಲ್ಲಿ ಪರಿಚಯವಾದ ಪರದೇಶದ ಗೆಳೆಯರು ಹಕ್ಕಿ ನೋಡಲು ಮನೆಗೇ ಬಂದಿಳಿದರೆ ಹಾವೇರಿ ಜಿಲ್ಲೆಯವರು ಏನು ತೋರಿಸಬೇಕು? ಇಂಥ ಗೆಳೆತನ ಈಗ ಅಪರೂಪವಲ್ಲ. ಅಮೆರಿಕದಲ್ಲಿ 2002ರಲ್ಲಿ ಶುರುವಾದ ‘ಇ-ಬರ್ಡ್’ ತಾಣದಲ್ಲಿ, ಯಾವ ಕೆರೆಯಲ್ಲಿ ಯಾವ ಹಕ್ಕಿ ಕಂಡಿತೆಂದು ಯಾರು ಬೇಕಾದರೂ ದಾಖಲಿಸಬಹುದು, ಹುಡುಕಬಹುದು.

ಮೊದಲ ಠಿಕಾಣಿ ಶಿಗ್ಗಾವಿ ತಾಲೂಕಿನ ಬಂಕಾಪುರ. ಹಳೆಯ ಕೋಟೆಯ ಮುಳ್ಳುಕಂಟಿ, ಕಂದಕಗಳ ನಡುವೆ ನವಿಲುಧಾಮವಿದೆ. ನಸುಕಿನಲ್ಲೇ ಹೋಗಬೇಕು. ಮಳೆಗಾಲ ಮುಗಿಯುತ್ತಿದ್ದಂತೆ ಗಂಡು ನವಿಲು ಉದ್ದ ಗರಿಗಳನ್ನು ಉದುರಿಸುತ್ತದೆ. ಹಾಗಾಗಿ ಕುಣಿತ ಕಾಣಬೇಕೆಂದರೆ ಮುಂಗಾರಿನಲ್ಲೇ ಬರಬೇಕು.

ಚಳಿಗಾಲದಲ್ಲಿ ಬಂದವರನ್ನು ಸವಣೂರಿನಿಂದ ಲಕ್ಷ್ಮೇಶ್ವರದ ದಾರಿ ಹಿಡಿಸಿ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಕರೆದೊಯ್ಯಬಹುದು. ಅಲ್ಲಿರುವುದೂ ಪರದೇಶಿ ಅತಿಥಿಗಳೇ: ಪಟ್ಟೆತಲೆ ಹೆಬ್ಬಾತುಗಳು. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಮಂಗೋಲಿಯಾ, ಟಿಬೆಟ್ ಕಡೆ ಮರಿಮಾಡುವ ಈ ಹಕ್ಕಿಗಳು ಹಿಮಾಲಯ ದಾಟಿ ಬರುತ್ತವೆ. ಇವುಗಳ ರಕ್ತ ತೆಳುಗಾಳಿಯಿಂದಲೂ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳಬಲ್ಲದು. ಅಷ್ಟು ಎತ್ತರದಲ್ಲಿ ಹಾರುವ ಗುಟ್ಟು ಅದೇ. ಇಲ್ಲಿ ಸುತ್ತಲಿನ ಹೊಲಗಳಲ್ಲಿ ಮೇದು, ಹಿಂಡುಹಿಂಡಾಗಿ ಕೆರೆಗೆ ಮರಳುತ್ತವೆ. 2024ರಲ್ಲಿ ಮಾಗಡಿ ಕೆರೆ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಇನ್ನೂ ಸಮಯವಿದ್ದರೆ ಹಾನಗಲ್ಲಿನ ಆನೆಕೆರೆ, ಹಿರೇಕೆರೂರು ಕಡೆಯ ಮದಗ-ಮಾಸೂರು ಕೆರೆ.

ಮರಳುವಾಗ ಸವಣೂರಿನ ದೊಡ್ಡಹುಣಸೆ ಮಠದ ದೈತ್ಯ ಮರಗಳನ್ನು ತೋರಿಸಿದರೆ ನೆಂಟರು ಬೆರಗಾಗುತ್ತಾರೆ. ಹೆಸರಷ್ಟೇ ಹುಣಸೆ, ನಿಜಕ್ಕೂ ಅವು ಆಫ್ರಿಕಾ ತವರಿನ ಬಾವೊಬಾಬ್ ಮರಗಳು! ಆಮೇಲೆ ಬಸ್ಸು ಹತ್ತಿಸುವ ಮುನ್ನ ಒಂದು ಪೊಟ್ಟಣ ಸವಣೂರು ಖಾರಾ ಕಟ್ಟಿಕೊಟ್ಟರಾಯಿತು.