ಕೊಳ್ಳೂದೋ, ಕಟ್ಟೂದೋ?

ಆಟದ ಕಂಪ್ಯೂಟರು ಬೇಕೆಂದು ಮನಸ್ಸು ಮಾಡಿದವನ ಮುಂದೆ ಮೊದಲ ದಿನವೇ ಬಂದು ನಿಲ್ಲುವ ಪ್ರಶ್ನೆ ಇದು. ಕಂಪನಿಯವರು ತಯಾರಿಸಿಟ್ಟ ಯಂತ್ರವನ್ನು ಹಾಗೆಯೇ ಕೊಳ್ಳುವುದೋ, ಇಲ್ಲವೇ ಬಿಡಿಭಾಗಗಳನ್ನು ತಂದು ನಾವೇ ಕಟ್ಟಿಕೊಳ್ಳುವುದೋ? ಹಾಸ್ಟೆಲ್ಲಿನಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ. “ಕಟ್ಟಿದ್ರ ಸೋವಿ ಬೀಳ್ತದ” ಎನ್ನುವವನೊಬ್ಬ. “ಬಿಡೋ ಮಾರಾಯಾ, ಕೆಟ್ಟ ದಿವಸ ಯಾರ ಹಂತೇಕ ಹೋಗ್ತಿ?” ಎನ್ನುವವನು ಇನ್ನೊಬ್ಬ. ಇಬ್ಬರ ಮಾತಿನಲ್ಲೂ ಸತ್ಯವುಂಟು. ಮೊದಲನೆಯವನದು ಬೆಲೆಯ ಮಾತು, ಎರಡನೆಯವನದು ಹೊಣೆಯ ಮಾತು. ಬೆಲೆ ಒಂದು ದಿನದ್ದು, ಹೊಣೆ ನಾಲ್ಕೈದು ವರುಷದ್ದು. ಊರಿನಿಂದ ಪುಣೆಗೆ ಓದಲು ಬಂದ ನಮ್ಮಂಥವರ ಕೈಯಲ್ಲಿರುವ ಹಣ ಬಹುಮಟ್ಟಿಗೆ ಮನೆಯವರದು. ಆದುದರಿಂದ ಎರಡನ್ನೂ ಬೇರೆ ಬೇರೆ ತೂಗಿ ನೋಡುವುದು ಒಳ್ಳೆಯದು.

ಕಟ್ಟುವುದೆಂದರೇನು?

“ಕಟ್ಟುವುದು” ಎಂದಕೂಡಲೆ ಕೆಲವರು ಹೆದರುತ್ತಾರೆ. ಬೆಸುಗೆ ಹಾಕಬೇಕೇ, ತಂತಿ ಜೋಡಿಸಬೇಕೇ ಎಂದು ಕೇಳುತ್ತಾರೆ. ಅದೇನೂ ಇಲ್ಲ. ಪ್ರೊಸೆಸರು, ಮದರ್‌ಬೋರ್ಡು, ರ‍್ಯಾಮ್, ಗ್ರಾಫಿಕ್ಸ್ ಕಾರ್ಡು, ಎಸ್‌ಎಸ್‌ಡಿ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್, ತಂಪು ಮಾಡುವ ಫ್ಯಾನು, ಇವನ್ನೆಲ್ಲ ಹೊರುವ ಕ್ಯಾಬಿನೆಟ್ಟು: ಈ ಎಂಟು ಸಾಮಾನನ್ನು ತಂದು ಒಂದು ಸ್ಕ್ರೂಡ್ರೈವರಿನಿಂದ ಜೋಡಿಸುವುದಷ್ಟೆ. ಯಾವುದನ್ನೂ ನಾವು ತಯಾರಿಸುವುದಿಲ್ಲ.

ಬೇರೆ ಬೇರೆ ಕಂಪನಿಗಳ ಸಾಮಾನು ಒಂದಕ್ಕೊಂದು ಹೊಂದುವುದಾದರೂ ಹೇಗೆ? ಅದಕ್ಕೊಂದು ಇತಿಹಾಸವಿದೆ. 1981ರಲ್ಲಿ ಐಬಿಎಂ ಕಂಪನಿ ತನ್ನ ಪೀಸಿಯನ್ನು ಹೊರತಂದಾಗ ಅದರ ರಚನೆಯನ್ನು ಮುಚ್ಚಿಡಲಿಲ್ಲ. ಅದರ ಖಾಲಿ ಸ್ಲಾಟುಗಳಿಗೆ ಬೇರೆಯವರೂ ಕಾರ್ಡು ಮಾಡಿ ಮಾರುವಂತಾಯಿತು. 1995ರಲ್ಲಿ ಇಂಟೆಲ್ ಕಂಪನಿ ‘ಎಟಿಎಕ್ಸ್’ ಎಂಬ ಅಳತೆಯನ್ನು ಗೊತ್ತುಮಾಡಿತು. ಬೋರ್ಡಿನ ತೂತು ಎಲ್ಲಿರಬೇಕು, ಎಸ್‌ಎಂಪಿಎಸ್ ಎಷ್ಟು ಉದ್ದಗಲ ಇರಬೇಕು ಎಂಬುದಕ್ಕೆಲ್ಲ ಒಂದು ರೂಢಿ ಬಿತ್ತು. ಇಂದಿಗೂ ಕಟ್ಟುವವರು ಆ ರೂಢಿಯ ಉಪ್ಪನ್ನೇ ತಿನ್ನುತ್ತಿದ್ದಾರೆ.

ನಮ್ಮ ಪುಣೆಯಲ್ಲೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಅಮೆರಿಕದಿಂದ ಬೇಕಾದಂಥ ಬಲವಾದ ಕ್ರೇ ಸೂಪರ್ ಕಂಪ್ಯೂಟರು ಸಿಗದೆ ಹೋದಾಗ, ನಾವೇ ಕಟ್ಟೋಣವೆಂದು 1988ರಲ್ಲಿ ಇಲ್ಲಿ ಸಿ-ಡ್ಯಾಕ್ ಸಂಸ್ಥೆಯನ್ನು ತೆರೆದರು. ವಿಜಯ ಭಟಕರ ಅವರ ಮುಂದಾಳುತನದಲ್ಲಿ 1991ರಲ್ಲಿ ‘ಪರಮ್ 8000’ ಸಿದ್ಧವಾಯಿತು. ಅದರೊಳಗಿನ ಚಿಪ್ಪುಗಳು ಬ್ರಿಟನ್ನಿನ ಇನ್‌ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರುಗಳು, ಎಂದರೆ ಕೊಂಡು ತಂದವು. ಅವನ್ನು ಜೋಡಿಸಿ ಒಟ್ಟಿಗೆ ದುಡಿಯುವಂತೆ ಮಾಡಿದ ವಿದ್ಯೆ ಇಲ್ಲಿಯದು. ಮುಂದೆ 2007ರಲ್ಲಿ ಇದೇ ಊರಿನಲ್ಲಿ ಟಾಟಾದವರ ‘ಏಕ’ ಎಂಬ ಯಂತ್ರ ಜಗತ್ತಿನ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಅದೂ ಎಚ್‌ಪಿ ಕಂಪನಿಯ ಸಾಮಾನು, ಇಂಟೆಲ್ ಪ್ರೊಸೆಸರು ಸೇರಿಸಿ ನಿಲ್ಲಿಸಿದ್ದೇ. ಅಷ್ಟು ದೊಡ್ಡವರೂ ಕೊಂಡಷ್ಟು ಕೊಂಡು, ಕಟ್ಟುವಷ್ಟನ್ನು ಕಟ್ಟಿದರು. ನಮ್ಮ ಪ್ರಶ್ನೆಯೂ ಅಷ್ಟೇ: ಎಷ್ಟು ಕೊಳ್ಳಬೇಕು, ಎಷ್ಟನ್ನು ನಾವೇ ಮಾಡಬೇಕು?

ಆಟಕ್ಕೆ ಬೇಕಾದದ್ದು ಯಾವುದು?

ಆಟದ ಕಂಪ್ಯೂಟರು ಬರೆಯುವ-ಓದುವ ಕಂಪ್ಯೂಟರಿಗಿಂತ ಬೇರೆಯಾಗುವುದು ಒಂದೇ ಕಾರಣಕ್ಕೆ, ಚಿತ್ರಕ್ಕೆ. ಸಾಧಾರಣ ಪರದೆಯಲ್ಲಿ ಅಡ್ಡ 1920, ಉದ್ದ 1080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600. ಆಟ ತಡವರಿಸದೆ ನಡೆಯಲು ಸೆಕೆಂಡಿಗೆ 60 ಚಿತ್ರವಾದರೂ ಬೇಕು. ಎಂದರೆ ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಬೇಕು. 4ಕೆ ಪರದೆಯಾದರೆ ಇದರ ನಾಲ್ಕು ಪಟ್ಟು.

ಈ ಕೆಲಸ ಪ್ರೊಸೆಸರಿನದಲ್ಲ. ಪ್ರೊಸೆಸರು ಜಾಣ ಕಾರಕೂನನಂತೆ. ಆರೆಂಟು ಕೈ, ಎಂಥ ತೊಡಕಿನ ಕೆಲಸವನ್ನೂ ಮಾಡುತ್ತದೆ. ಗ್ರಾಫಿಕ್ಸ್ ಕಾರ್ಡು ಸುಗ್ಗಿಗೆ ಬಂದ ಆಳುಗಳ ದಂಡು. ಒಬ್ಬೊಬ್ಬರ ಕೆಲಸ ಸಣ್ಣದು, ಆದರೆ ಸಾವಿರಾರು ಜನ ಏಕಕಾಲಕ್ಕೆ ಹೊಲಕ್ಕಿಳಿಯುತ್ತಾರೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಎಂಬ ಮಧ್ಯಮ ಕಾರ್ಡಿನಲ್ಲೇ ಇಂಥ 3072 ಘಟಕಗಳಿವೆ. ಆದುದರಿಂದ ಆಟದ ಯಂತ್ರದಲ್ಲಿ ಹಣದ ದೊಡ್ಡ ಪಾಲು ಹೋಗಬೇಕಾದದ್ದು ಈ ಕಾರ್ಡಿಗೆ.

ರೂಪಾಯಿಯಲ್ಲಿ ಬೆಲೆ ಬರೆದರೆ ಶಾಯಿ ಒಣಗುವುದರೊಳಗೆ ಅದು ಸುಳ್ಳಾಗುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳು ಸ್ಮೃತಿ ಚಿಪ್ಪುಗಳನ್ನೆಲ್ಲ ಬಾಚಿಕೊಂಡು ರ‍್ಯಾಮಿನ ಬೆಲೆ ಗಗನಕ್ಕೇರಿದ್ದನ್ನು ನೀವು ನೋಡಿದ್ದೀರಿ. ಆದ್ದರಿಂದ ನೂರು ರೂಪಾಯಿ ಇದೆಯೆಂದು ಇಟ್ಟುಕೊಂಡು ಪಾಲು ಹೇಳುತ್ತೇನೆ. ಕಾರ್ಡಿಗೆ 38, ಪ್ರೊಸೆಸರಿಗೆ 18, ಮದರ್‌ಬೋರ್ಡಿಗೆ 12, ರ‍್ಯಾಮಿಗೆ 11, ಎಸ್‌ಎಸ್‌ಡಿಗೆ 8, ಎಸ್‌ಎಂಪಿಎಸ್‌ಗೆ 7, ಕ್ಯಾಬಿನೆಟ್ಟು-ಫ್ಯಾನಿಗೆ 6. ಇದು ಅಂದಾಜು. ರ‍್ಯಾಮ್ ತುಟ್ಟಿಯಾದಾಗ ಉಳಿದವು ಸ್ವಲ್ಪ ಸರಿದು ಜಾಗ ಕೊಡಬೇಕಾಗುತ್ತದೆ. ಪರದೆ, ಕೀಲಿಮಣೆ, ಯುಪಿಎಸ್, ವಿಂಡೋಸಿನ ಲೈಸೆನ್ಸು ಈ ನೂರರ ಹೊರಗೆ. ಕಟ್ಟಿದ್ದು ಸೋವಿ ಎಂದು ಹೇಳುವವರು ಹೆಚ್ಚಾಗಿ ಮರೆಯುವುದು ಈ ಕೊನೆಯ ಸಾಲನ್ನೇ. ಕಂಪನಿಯ ಯಂತ್ರದೊಡನೆ ವಿಂಡೋಸ್ ಸಾಮಾನ್ಯವಾಗಿ ಬಂದಿರುತ್ತದೆ. ಕಟ್ಟಿದ್ದಕ್ಕೆ ಬೇರೆ ಕೊಳ್ಳಬೇಕು.

ತಯಾರು ಯಂತ್ರದಲ್ಲಿ ಏನು ಕಾಣುವುದಿಲ್ಲ?

ತಯಾರು ಯಂತ್ರದ ಜಾಹೀರಾತು ನೋಡಿ. ಪ್ರೊಸೆಸರಿನ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ. ಬಣ್ಣ ಬಣ್ಣದ ದೀಪದ ಚಿತ್ರವಿರುತ್ತದೆ. ಎಸ್‌ಎಂಪಿಎಸ್ ಯಾರದು ಎಂಬುದು ಎಲ್ಲಿಯೂ ಇರುವುದಿಲ್ಲ. ಉಳಿತಾಯ ನಡೆಯುವುದೇ ಇಂಥ ಕಾಣದ ಜಾಗದಲ್ಲಿ. ಕಳಪೆ ಎಸ್‌ಎಂಪಿಎಸ್ ತಾನು ಸಾಯುವಾಗ ಜೊತೆಗಾರರನ್ನೂ ಕರೆದುಕೊಂಡು ಹೋಗುವುದುಂಟು. ‘80 ಪ್ಲಸ್’ ಎಂಬ ಗುರುತು ಇದ್ದರೆ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತು ಪಾಲಾದರೂ ಕೆಲಸಕ್ಕೆ ಬರುತ್ತದೆಂದು ತಿಳಿಯಬಹುದು. ಇನ್ನೊಂದು ಜಾಗ ರ‍್ಯಾಮು. 16 ಜಿಬಿ ಎಂದಿರುತ್ತದೆ, ಒಳಗೆ ನೋಡಿದರೆ ಒಂದೇ ಪಟ್ಟಿ. ಎಂಟರ ಎರಡು ಪಟ್ಟಿಯಿದ್ದರೆ ಎರಡು ದಾರಿಯಲ್ಲಿ ಮಾಹಿತಿ ಹರಿದು ಆಟ ಚುರುಕಾಗುತ್ತದೆ. ಮೂರನೆಯದು ಬೋರ್ಡು. ಕೆಲ ದೊಡ್ಡ ಕಂಪನಿಗಳು ತಮ್ಮದೇ ಅಳತೆಯ ಬೋರ್ಡು, ತಮ್ಮದೇ ನಮೂನೆಯ ಪ್ಲಗ್ಗು ಹಾಕಿರುತ್ತವೆ. ನಾಳೆ ಒಂದು ಭಾಗ ಬದಲಿಸಬೇಕೆಂದರೆ ಪೇಟೆಯ ಸಾಮಾನು ಹೊಂದುವುದಿಲ್ಲ.

ಲ್ಯಾಪ್‌ಟಾಪಿನ ಕಥೆ ಬೇರೆ. ಅದನ್ನು ಕಟ್ಟುವ ಮಾತೇ ಇಲ್ಲ, ಕೊಳ್ಳುವುದೇ. ಅಲ್ಲಿ ಹೆಸರಿನ ಮೋಸವೊಂದಿದೆ. ಆರ್‌ಟಿಎಕ್ಸ್ 4090 ಎಂದು ಮೇಜಿನ ಕಾರ್ಡಿಗೂ ಹೆಸರು, ಲ್ಯಾಪ್‌ಟಾಪಿನದಕ್ಕೂ ಅದೇ ಹೆಸರು. ಆದರೆ ಮೇಜಿನದರಲ್ಲಿ 24 ಜಿಬಿ ಸ್ಮೃತಿ, ಲ್ಯಾಪ್‌ಟಾಪಿನದರಲ್ಲಿ 16. ಒಳಗಿನ ಚಿಪ್ಪೇ ಬೇರೆ. ಲ್ಯಾಪ್‌ಟಾಪಿನ 4060ಕ್ಕೆ ಒಬ್ಬ ತಯಾರಕ 115 ವಾಟ್ ಕೊಟ್ಟಿರಬಹುದು, ಇನ್ನೊಬ್ಬ ಅದರ ಅರ್ಧ ಕೊಟ್ಟಿರಬಹುದು. ಹೆಸರು ಕೇಳಿದರೆ ಸಾಲದು, ವಾಟ್ ಎಷ್ಟೆಂದು ಕೇಳಬೇಕು.

ಕೆಟ್ಟ ದಿವಸದ ಮಾತು

ಈಗ ಎರಡನೆಯ ಗೆಳೆಯನ ಪ್ರಶ್ನೆಗೆ ಬರೋಣ. ತಯಾರು ಯಂತ್ರಕ್ಕೆ ಸಾಮಾನ್ಯವಾಗಿ ಒಂದು ವರುಷದ ವಾರಂಟಿ, ಹೆಚ್ಚು ಕೊಟ್ಟರೆ ಇನ್ನಷ್ಟು. ಬಿಡಿಭಾಗಗಳಿಗೆ ಇದಕ್ಕಿಂತ ಉದ್ದದ್ದು ಇರುತ್ತದೆ. ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ ಮೂರು ವರುಷ, ಕಾರ್ಡಿಗೆ ಬಹುಮಟ್ಟಿಗೆ ಮೂರು, ಒಳ್ಳೆಯ ಎಸ್‌ಎಂಪಿಎಸ್‌ಗೆ ಐದಕ್ಕೂ ಮೇಲೆ. ಕಾಗದದ ಮೇಲೆ ಕಟ್ಟಿದ್ದೇ ಗೆದ್ದಂತೆ ಕಾಣುತ್ತದೆ. ಆದರೆ ಒಂದು ಮುಂಜಾನೆ ಗುಂಡಿ ಒತ್ತಿದರೆ ಪರದೆ ಕಪ್ಪಾಗಿಯೇ ಉಳಿಯಿತೆನ್ನಿ. ಕೆಟ್ಟದ್ದು ರ‍್ಯಾಮೋ, ಬೋರ್ಡೋ, ಕಾರ್ಡೋ? ಅದನ್ನು ಕಂಡುಹಿಡಿಯಲು ಒಂದೊಂದು ಭಾಗಕ್ಕೂ ಬದಲಿ ಹಾಕಿ ನೋಡಬೇಕು. ನಮ್ಮ ಕೋಣೆಯಲ್ಲಿ ಬದಲಿ ಎಲ್ಲಿಯದು? ತಯಾರು ಯಂತ್ರಕ್ಕೆ ಫೋನು ಮಾಡಿ “ಶುರು ಆಗವಲ್ದು” ಎಂದರೆ ಮುಗಿಯಿತು. ಯಾವ ಭಾಗವೆಂಬುದು ಅವರ ತಲೆನೋವು. ತಯಾರು ಯಂತ್ರಕ್ಕೆ ಕೊಡುವ ಹೆಚ್ಚಿನ ದುಡ್ಡು ಈ ತಲೆನೋವಿನ ಬೆಲೆ.

ನಮ್ಮ ದೇಶದಲ್ಲಿ ಈ ಎರಡರ ನಡುವೆ ಮೂರನೆಯ ದಾರಿ ಮೊದಲಿನಿಂದ ಇದೆ. ಪರದೇಶದ ಪುಸ್ತಕಗಳು ಅದನ್ನು ಅಷ್ಟಾಗಿ ಹೇಳುವುದಿಲ್ಲ. ಭಾಗಗಳ ಪಟ್ಟಿ ನಮ್ಮದು, ಜೋಡಿಸುವುದು ಅಂಗಡಿಯವನು. ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್ ಈ ವ್ಯಾಪಾರದಿಂದಲೇ ಹೆಸರಾದವು. ಪುಣೆಯಲ್ಲೂ ಪೇಠೆಗಳ ಕಡೆಗೆ ಇಂಥ ಅಂಗಡಿಗಳುಂಟು. ವಾರಂಟಿ ಬಿಡಿಭಾಗಗಳದ್ದೇ ಇರುತ್ತದೆ. ಕೆಟ್ಟ ದಿವಸ ಪರೀಕ್ಷಿಸಿ ನೋಡಲು ಅಂಗಡಿಯ ಮೇಜೂ ಇರುತ್ತದೆ. ಎರಡು ಎಚ್ಚರಿಕೆ ಬೇಕು. ಜಿಎಸ್‌ಟಿ ಪಾವತಿಯಲ್ಲಿ ಪ್ರತಿ ಭಾಗದ ಮಾಡೆಲ್ಲೂ ಸೀರಿಯಲ್ ನಂಬರೂ ಬರೆಸಿಕೊಳ್ಳಬೇಕು. ಡಬ್ಬಿಗಳನ್ನೆಲ್ಲ ಮನೆಗೆ ತರಬೇಕು. “ಬಿಲ್ ಬ್ಯಾಡಂದ್ರ ಕಡಿಮಿ ಮಾಡ್ತೀನಿ” ಎಂಬ ಮಾತಿಗೆ ಮರುಳಾದರೆ ವಾರಂಟಿ ಅಲ್ಲಿಗೇ ಮುಗಿಯಿತು.

ಹಳೆಯ ಕಾರ್ಡು ಕೊಳ್ಳುವವರಿಗೂ ಒಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯದ ಗಣಿಗಾರಿಕೆ ನಿಂತಾಗ ಹಗಲಿರುಳು ದುಡಿದ ಕಾರ್ಡುಗಳು ರಾಶಿರಾಶಿ ಪೇಟೆಗೆ ಬಂದವು. ಅವುಗಳಲ್ಲಿ ಒಳ್ಳೆಯವೂ ಇದ್ದವು, ಸವೆದವೂ ಇದ್ದವು. ನಡೆಸಿ ನೋಡದೆ ಹಳೆಯದಕ್ಕೆ ಹಣ ಕೊಡಬಾರದು. ಕಚೇರಿಯ ಹಳೆಯ ಯಂತ್ರ ತಂದು ಕಾರ್ಡು ಸೇರಿಸುವವರು ಅದಕ್ಕೆ ವಿಂಡೋಸ್ 11 ಹೊಂದುವುದೋ ನೋಡಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ 14ಕ್ಕೆ ಮುಗಿದಿದೆ.

ಕಂಬಕ್ಕೆ ಸರಳು ಬಿಟ್ಟಂತೆ

ಕಟ್ಟುವುದರ ನಿಜವಾದ ಲಾಭ ನನ್ನ ಮಟ್ಟಿಗೆ ಬೆಲೆಯಲ್ಲಿಲ್ಲ, ಕಂತಿನಲ್ಲಿದೆ. ನಮ್ಮ ಊರುಗಳಲ್ಲಿ ಮನೆ ಕಟ್ಟುವವರು ಕಂಬದ ಮೇಲೆ ಕಬ್ಬಿಣದ ಸರಳು ಬಿಟ್ಟಿರುತ್ತಾರೆ. ದುಡ್ಡು ಕೂಡಿದ ವರುಷ ಮೇಲಂತಸ್ತು. ಕಂಪ್ಯೂಟರಿಗೂ ಹಾಗೇ ಮಾಡಬಹುದು. ಎಎಂಡಿಯ ರೈಜನ್ 5600ಜಿಯಂಥ ಪ್ರೊಸೆಸರುಗಳಲ್ಲಿ ಚಿತ್ರದ ಭಾಗ ಒಳಗೇ ಇರುತ್ತದೆ. ಈ ವರುಷ ಕಾರ್ಡಿಲ್ಲದೆ ಓದು-ಬರಹ, ‘ವ್ಯಾಲೊರಂಟ್’ನಂಥ ಹಗುರ ಆಟ, ಕೆಲಸ ಸಿಕ್ಕ ಮೇಲೆ ಕಾರ್ಡು. ‘ಸೈಬರ್‌ಪಂಕ್ 2077’ರಂಥ ಭಾರದ ಆಟ ಅಲ್ಲಿಯವರೆಗೆ ಕಾಯುತ್ತದೆ. ಇದಕ್ಕಾಗಿ ಮೊದಲೇ ಎಸ್‌ಎಂಪಿಎಸ್ ಸ್ವಲ್ಪ ದೊಡ್ಡದು ಹಾಕಿ, ಬೋರ್ಡಿನ ಸಾಕೆಟ್ಟು ನೋಡಿ ಕೊಳ್ಳಬೇಕು. ಎಎಂಡಿಯ ಎಎಂ4 ಸಾಕೆಟ್ಟಿನ 2017ರ ಅನೇಕ ಬೋರ್ಡುಗಳಲ್ಲಿ ಬಯಾಸ್ ಹೊಸದು ಮಾಡಿಕೊಂಡರೆ 2022ರ ಪ್ರೊಸೆಸರೂ ನಡೆಯಿತು. ಇಂಟೆಲ್‌ನವರು 2021ರಲ್ಲಿ ತಂದ ಸಾಕೆಟ್ಟನ್ನು 2024ರಲ್ಲಿ ಬದಲಿಸಿದರು.

ಬಾಡಿಗೆ ಕೋಣೆಯ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. 400 ವಾಟಿನ ಯಂತ್ರ ದಿನಕ್ಕೆ ನಾಲ್ಕು ತಾಸು ನಡೆದರೆ ತಿಂಗಳಿಗೆ 48 ಯುನಿಟ್ಟು. ಆ ವಿದ್ಯುತ್ತೆಲ್ಲ ಕೊನೆಗೆ ಕಾವಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ಚೈತ್ರ-ವೈಶಾಖದ ಪುಣೆಯಲ್ಲಿ ಕೋಣೆಯ ಜೊತೆಗಾರ ಸುಮ್ಮನಿರುವನೇ? ವರುಷಕ್ಕೊಮ್ಮೆ ಕೋಣೆ ಬದಲಿಸುವವರು, ರಜೆಗೆ ಹುಬ್ಬಳ್ಳಿ-ವಿಜಾಪುರಕ್ಕೆ ಯಂತ್ರ ಒಯ್ಯಬೇಕೆನ್ನುವವರು ಲ್ಯಾಪ್‌ಟಾಪು ಕೊಳ್ಳುವುದೇ ನೆಟ್ಟಗೆ. ದೊಡ್ಡ ಯಂತ್ರ ಒಯ್ಯಲೇಬೇಕಾದರೆ ಕಾರ್ಡನ್ನು ಬಿಚ್ಚಿ ಅದರ ಡಬ್ಬಿಯಲ್ಲಿಟ್ಟು ಒಯ್ಯಿರಿ. ಬಸ್ಸಿನ ಕುಲುಕಾಟಕ್ಕೆ ಅದರ ಭಾರದಿಂದ ಸ್ಲಾಟು ಸೀಳುವ ಭಯವಿದೆ.

ಕೊನೆಯ ತೂಕ

ಓಡಾಟದ ಬದುಕಿದ್ದರೆ ಲ್ಯಾಪ್‌ಟಾಪು ಕೊಳ್ಳಿರಿ. ಒಂದೇ ಕಡೆ ನೆಲೆಯಿದ್ದು, ಕೆಟ್ಟರೆ ನೋಡುವ ಪುರಸೊತ್ತು, ಹುಮ್ಮಸ್ಸು ಎರಡೂ ಇದ್ದರೆ ಕಟ್ಟಿರಿ. ನೆಲೆಯಿದೆ, ಪುರಸೊತ್ತಿಲ್ಲ ಎನ್ನುವವರು ಪಟ್ಟಿ ತಾವು ಮಾಡಿ ಅಂಗಡಿಯವನಿಂದ ಜೋಡಿಸಿರಿ. ಪರೀಕ್ಷೆಯ ವರುಷದಲ್ಲಿ, ಓದಿಗೂ ಆಟಕ್ಕೂ ಅದೊಂದೇ ಯಂತ್ರವೆನ್ನುವವರು ಹೆಚ್ಚು ಕೊಟ್ಟಾದರೂ ಮನೆಗೇ ಬಂದು ರಿಪೇರಿ ಮಾಡುವ ವಾರಂಟಿಯ ತಯಾರು ಯಂತ್ರ ಕೊಂಡರೆ ತಪ್ಪಲ್ಲ.

ಯಾವ ದಾರಿ ಹಿಡಿದರೂ ಒಂದು ಕೆಲಸ ಎಲ್ಲರಿಗೂ ಸಮಾನ. ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಎಂಟು ಭಾಗಗಳ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಮಾಡೆಲ್ ಯಾವುದು, ಬೆಲೆ ಎಷ್ಟು, ವಾರಂಟಿ ಎಷ್ಟು ವರುಷ, ಕೆಟ್ಟರೆ ಯಾರ ಬಳಿಗೆ ಒಯ್ಯಬೇಕು ಎಂಬ ನಾಲ್ಕು ಮನೆ ಹಾಕಿರಿ. ಕಟ್ಟುವವನ ಹಾಳೆ ತಾನಾಗಿಯೇ ತುಂಬುತ್ತದೆ. ತಯಾರು ಯಂತ್ರ ಕೊಳ್ಳುವವನು ಬೆಲೆಯ ಮನೆ ಬಿಟ್ಟು ಉಳಿದವನ್ನು ಅಂಗಡಿಯವನಿಂದ ಕೇಳಿ ತುಂಬಬೇಕು. “ಅದೆಲ್ಲಾ ಯಾಕ್ರೀ, ಚೊಲೋ ಮಾಲ್ ಅದ” ಎಂದು ಅವನು ನಕ್ಕರೆ ದುಡ್ಡು ಕಿಸೆಯಲ್ಲೇ ಇಟ್ಟುಕೊಂಡು ಮುಂದಿನ ಅಂಗಡಿಗೆ ನಡೆಯಿರಿ.