ಪಾಯಿಂಟ್ ಎಷ್ಟಿದೆ, ಪಾಯಿಂಟಿಗೆ ಎಷ್ಟು ಸಿಗುತ್ತದೆ

ರಾಬರ್ಟ್‌ಸನ್‌ಪೇಟೆಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್. 2001ರ ಫೆಬ್ರವರಿ 28ರಂದು ಕೋಲಾರ ಚಿನ್ನದ ಗಣಿ (ಕೆಜಿಎಫ್) ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಮನೆಗಳ ದುಡಿಮೆ ಆ ನೂರು ಕಿಲೋಮೀಟರ್ ಆಚೆಗೆ ಹೋಯಿತು. ಕತ್ತಲಲ್ಲೇ ಎದ್ದು ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ನಗರಕ್ಕೆ ಹೋಗಿ, ರಾತ್ರಿ ಮನೆ ಸೇರುವವರ ಊರು ಇದು. ಆ ದುಡಿಮೆಯ ಹಿಂದೆಯೇ ಸಂಬಳದ ಖಾತೆ ಬಂತು, ಖಾತೆಯ ಹಿಂದೆ ಕ್ರೆಡಿಟ್ ಕಾರ್ಡ್ ಬಂತು, ಕಾರ್ಡಿನ ಜೊತೆಗೆ ‘ಪಾಯಿಂಟ್’ ಎಂಬುದೂ ಬಂತು. ಈ ಅಧ್ಯಾಯ ಆ ಪಾಯಿಂಟಿನ ಬಗ್ಗೆ, ಅದರಲ್ಲೂ ಪ್ರಯಾಣಕ್ಕೆ ಬಳಸುವ ಪಾಯಿಂಟಿನ ಬಗ್ಗೆ.

ಮೂಲ ವಿಷಯ ಮೊದಲು ಮುಗಿಸೋಣ. ಕ್ರೆಡಿಟ್ ಕಾರ್ಡ್ ಎಂದರೆ ಸಾಲ. ಈ ತಿಂಗಳು ಖರ್ಚು ಮಾಡುತ್ತೀರಿ, ಬಿಲ್ ಬರುತ್ತದೆ, ಕೊನೆಯ ದಿನಾಂಕದೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಖರ್ಚು ಮಾಡಿದ್ದಕ್ಕೆ ಬ್ಯಾಂಕು ಕೊಡುವ ಮರುಪಾವತಿಯ ಗುರುತೇ ಪಾಯಿಂಟ್. ಅದನ್ನು ಟಿಕೆಟ್ಟಿಗೋ ಹೋಟೆಲ್ಲಿಗೋ ವಸ್ತುವಿಗೋ ಬದಲಾಯಿಸಿಕೊಳ್ಳಬಹುದು. ವಿಮಾನ ಕಂಪನಿಗಳು ಇಂಥ ಲೆಕ್ಕ ಇಡಲು ಶುರುಮಾಡಿ ನಾಲ್ಕು ದಶಕಗಳಾದವು. ಅಮೆರಿಕನ್ ಏರ್‌ಲೈನ್ಸ್ ತನ್ನ ‘ಮೈಲಿ’ ಯೋಜನೆಯನ್ನು 1981ರಲ್ಲಿ ಆರಂಭಿಸಿತು. ಕಾರ್ಡುಗಳು ಆಮೇಲೆ ಅದಕ್ಕೆ ಜೋಡಿಕೊಂಡವು.

ಈ ಹಣ ಎಲ್ಲಿಂದ ಬರುತ್ತದೆ? ನೀವು ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಅಂಗಡಿಯವರಿಗೆ ಪೂರ್ತಿ ಹಣ ಸೇರುವುದಿಲ್ಲ. ಸುಮಾರು ಶೇಕಡಾ ಎರಡರಷ್ಟು ಕಡಿತವಾಗಿ ಕಾರ್ಡ್ ಕೊಟ್ಟ ಬ್ಯಾಂಕು, ಯಂತ್ರ ಇಟ್ಟ ಬ್ಯಾಂಕು, ಜಾಲ ನಡೆಸುವ ಕಂಪನಿ ಈ ಮೂವರಲ್ಲಿ ಹಂಚಿಹೋಗುತ್ತದೆ. ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿನದು. ಅದರಲ್ಲೊಂದು ತುಣುಕು ನಿಮಗೆ ಪಾಯಿಂಟಾಗಿ ವಾಪಸು ಬರುತ್ತದೆ. ಖಾತೆಯಿಂದ ನೇರವಾಗಿ ಯುಪಿಐ ಮಾಡಿದರೆ ಇಂಥ ಪಾಯಿಂಟ್ ಯಾಕೆ ಬರುವುದಿಲ್ಲ ಎಂಬುದಕ್ಕೂ ಇದೇ ಉತ್ತರ. 2020ರ ಜನವರಿಯಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಅಂಗಡಿಯವರಿಂದ ಈ ಕಡಿತ ಇಲ್ಲ. ಹಂಚಲು ಅಲ್ಲಿ ಏನೂ ಉಳಿದಿಲ್ಲ. ಪೆಟ್ರೋಲು, ಮನೆ ಬಾಡಿಗೆ, ವ್ಯಾಲೆಟ್ಟಿಗೆ ಹಣ ತುಂಬುವುದು ಮುಂತಾದವಕ್ಕೆ ಅನೇಕ ಬ್ಯಾಂಕುಗಳು ಪಾಯಿಂಟ್ ಕೊಡದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ: ಅಲ್ಲಿ ಬ್ಯಾಂಕಿನ ಪಾಲು ತೆಳ್ಳಗಿರುತ್ತದೆ.

ರುಪೇ ಕ್ರೆಡಿಟ್ ಕಾರ್ಡನ್ನು 2022ರಿಂದ ಯುಪಿಐಗೆ ಜೋಡಿಸಬಹುದಾಗಿದೆ. ಬಂಗಾರಪೇಟೆಯ ಪಾನಿಪೂರಿ ಗಾಡಿಯ ಮುಂದೆ ನಿಂತು ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಕಾರ್ಡಿನ ಆಯ್ಕೆ ಕೆಲವೊಮ್ಮೆ ಕಾಣುತ್ತದೆ, ಕೆಲವೊಮ್ಮೆ ಕಾಣುವುದಿಲ್ಲ. ಆ ಕ್ಯೂಆರ್ ವ್ಯಾಪಾರಿ ಖಾತೆಯದಾದರೆ ಹಣ ಹೋಗುತ್ತದೆ. ಅದು ಅಂಗಡಿಯಣ್ಣನ ಸ್ವಂತ ಖಾತೆಯದಾದರೆ ಕ್ರೆಡಿಟ್ ಕಾರ್ಡಿನಿಂದ ಹೋಗುವುದಿಲ್ಲ, ಏಕೆಂದರೆ ವ್ಯಕ್ತಿಯಿಂದ ವ್ಯಕ್ತಿಗೆ ಸಾಲದ ಹಣ ಕಳಿಸಲು ಅಲ್ಲಿ ಅವಕಾಶವಿಲ್ಲ. ಫೋನ್ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ಇದಕ್ಕೆ ಹೆಚ್ಚು ಪುಟ ಕೊಡುವುದು ನನಗೆ ಇಷ್ಟದ ಕೆಲಸ.

“ಸಾರ್, ನನ್ನ ಕಾರ್ಡಲ್ಲಿ ಹನ್ನೆರಡು ಸಾವಿರ ಪಾಯಿಂಟ್ ಇದೆ, ಏನ್ ಬರುತ್ತೆ?” ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ಯಾವ ಕಾರ್ಡ್, ಯಾವುದಕ್ಕೆ ಬಳಸುತ್ತೀರಿ? ಕೆಜಿಎಫ್‌ನವರಿಗೆ ಇದನ್ನು ವಿವರಿಸುವುದು ಸುಲಭ. ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ಇಲ್ಲಿನ ಸಯನೈಡ್ ದಿಬ್ಬಗಳನ್ನು ನೋಡಿ ಬೆಳೆದವರಿಗೆ, ಮೇಲೆ ಬಂದ ಕಲ್ಲಿನ ಟನ್ ಲೆಕ್ಕದಿಂದ ಗಣಿಯ ಬದುಕು ನಡೆಯುವುದಿಲ್ಲ, ಟನ್ನಿಗೆ ಎಷ್ಟು ಗ್ರಾಂ ಚಿನ್ನ ಸಿಗುತ್ತದೆ ಎಂಬುದೇ ಮುಖ್ಯ ಎಂದು ಹೇಳಿಕೊಡಬೇಕಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ನೆಲ ಅದು. ಕೊನೆಕೊನೆಗೆ ಅದಿರಿನಲ್ಲಿ ಸಿಗುತ್ತಿದ್ದದ್ದು ಟನ್ನಿಗೆ ಕೆಲವೇ ಗ್ರಾಂ, ಅದನ್ನು ಮೇಲೆತ್ತುವ ಖರ್ಚು ಅದರ ಬೆಲೆಯನ್ನೂ ಮೀರಿತ್ತು. ಪಾಯಿಂಟ್ ಕಲ್ಲು, ರೂಪಾಯಿ ಚಿನ್ನ.

ಹಾಗಾಗಿ ಎರಡು ಸಂಖ್ಯೆ ಬೇಕು. ನೂರು ರೂಪಾಯಿ ಖರ್ಚಿಗೆ ಎಷ್ಟು ಪಾಯಿಂಟ್, ಒಂದು ಪಾಯಿಂಟಿಗೆ ಎಷ್ಟು ರೂಪಾಯಿ. ಇವೆರಡನ್ನೂ ಗುಣಿಸಿದರೆ ಸಿಗುವುದೇ ನಿಜವಾದ ಶೇಕಡಾವಾರು. ಒಂದೇ ಕಂಪನಿಯ ಎರಡು ಕಾರ್ಡುಗಳನ್ನು ನೋಡಿ. ಎಸ್‌ಬಿಐ ಕಾರ್ಡ್‌ನ ಹಲವು ಕಾರ್ಡುಗಳಲ್ಲಿ ನಾಲ್ಕು ಪಾಯಿಂಟಿಗೆ ಒಂದು ರೂಪಾಯಿ. ಅಂಥ ಕಾರ್ಡೊಂದು ನೂರು ರೂಪಾಯಿಗೆ ಎರಡು ಪಾಯಿಂಟ್ ಕೊಟ್ಟರೆ ಕೈಗೆ ಬರುವುದು ಐವತ್ತು ಪೈಸೆ, ಅಂದರೆ ಶೇಕಡಾ ಅರ್ಧ. ಅದೇ ಕಂಪನಿ ರೈಲು ಟಿಕೆಟ್ ಮಾರುವ ಐಆರ್‌ಸಿಟಿಸಿ ಜೊತೆ ಸೇರಿ ಕೊಡುವ ಪ್ಲಾಟಿನಂ ಕಾರ್ಡಿನಲ್ಲಿ 125 ರೂಪಾಯಿಗೆ ಒಂದೇ ಪಾಯಿಂಟ್. ಆದರೆ ರೈಲು ಟಿಕೆಟ್ಟಿಗೆ ಬಳಸಿದರೆ ಒಂದು ಪಾಯಿಂಟಿಗೆ ಒಂದು ರೂಪಾಯಿ. ಅಂದರೆ ಶೇಕಡಾ 0.8. ಕಡಿಮೆ ಪಾಯಿಂಟ್ ಕೊಡುವ ಕಾರ್ಡೇ ಇಲ್ಲಿ ಹೆಚ್ಚು ರೂಪಾಯಿ ಕೊಡುತ್ತಿದೆ. ಹನ್ನೆರಡು ಸಾವಿರ ಪಾಯಿಂಟ್ ಮೊದಲನೆಯದರಲ್ಲಿ ಮೂರು ಸಾವಿರ ರೂಪಾಯಿ, ಎರಡನೆಯದರಲ್ಲಿ ಹನ್ನೆರಡು ಸಾವಿರ. ಈ ವ್ಯತ್ಯಾಸವನ್ನು ಮೊದಲ ಸಲ ತಾವೇ ಗುಣಿಸಿ ನೋಡಿದವರ ಮುಖ ಅರಳುವುದನ್ನು ನೋಡುವುದೇ ನನಗೆ ಈ ವಿಷಯ ಕಲಿಸುವುದರ ದೊಡ್ಡ ಸಂತೋಷ.

ಮೂರನೆಯ ಸಂಖ್ಯೆಯೂ ಒಂದಿದೆ, ಅದು ಕಳೆಯುವ ಸಂಖ್ಯೆ: ಕಾರ್ಡಿನ ಶುಲ್ಕ. ಅದೇ ರೈಲ್ವೆ ಕಾರ್ಡಿನಿಂದ ಐಆರ್‌ಸಿಟಿಸಿಯಲ್ಲಿ ಎಸಿ ದರ್ಜೆಯ ಟಿಕೆಟ್ ತೆಗೆದರೆ ಶೇಕಡಾ 10ರವರೆಗೆ ಪಾಯಿಂಟ್ ಸಿಗುತ್ತದೆ. ಮೊದಲ, ಎರಡನೇ, ಮೂರನೇ ಎಸಿ ಮತ್ತು ಚೇರ್ ಕಾರ್ ಆ ಪಟ್ಟಿಯಲ್ಲಿವೆ. ಸ್ಲೀಪರ್ ಇಲ್ಲ, ಸೀಸನ್ ಪಾಸೂ ಇಲ್ಲ. ಮಾರಿಕುಪ್ಪಂ ರೈಲಿನಲ್ಲಿ ದಿನಾ ಓಡಾಡುವವರು ಇದನ್ನು ಗಮನಿಸಬೇಕು. ವರ್ಷಪೂರ್ತಿ ರೈಲಿನಲ್ಲೇ ಇದ್ದರೂ ಸೀಸನ್ ಪಾಸಿಗೆ ಈ ವಿಶೇಷ ಲಾಭ ಬರುವುದಿಲ್ಲ. ವರ್ಷಕ್ಕೆರಡು ಸಲ ಕುಟುಂಬ ಸಮೇತ ವೇಲಾಂಕಣ್ಣಿಗೋ ತಿರುಪತಿಗೋ ಎಸಿಯಲ್ಲಿ ಹೋಗುವ ಮನೆಗೆ ಬರುತ್ತದೆ. ಹಾಗೆ ಎರಡೂ ಸಲ ಸೇರಿ 6,000 ರೂಪಾಯಿಯ ಎಸಿ ಟಿಕೆಟ್ ತೆಗೆದರೆ ಹೆಚ್ಚೆಂದರೆ 600 ಪಾಯಿಂಟ್, ಅಂದರೆ 600 ರೂಪಾಯಿ. ಕಾರ್ಡಿನ ವರ್ಷದ ಶುಲ್ಕ 300 ರೂಪಾಯಿ ಎಂದುಕೊಂಡರೆ ಶೇಕಡಾ 18 ಜಿಎಸ್‌ಟಿ ಸೇರಿ 354. ಉಳಿಯುವುದು 246 ರೂಪಾಯಿ. ಎಸಿ ಪ್ರಯಾಣವೇ ಇಲ್ಲದ ಮನೆಗೆ ಇದೇ ಕಾರ್ಡ್ ನಷ್ಟವಾಗಬಹುದು. ಶುಲ್ಕ, ದರ, ನಿಯಮ ಎಲ್ಲವನ್ನೂ ಬ್ಯಾಂಕುಗಳು ಬದಲಾಯಿಸುತ್ತಲೇ ಇರುತ್ತವೆ. ಸಂಖ್ಯೆಗಳನ್ನು ಇಂದಿನದಕ್ಕೆ ಹೊಂದಿಸಿಕೊಳ್ಳಿ, ಲೆಕ್ಕದ ದಾರಿ ಮಾತ್ರ ಇದೇ.

ಸಣ್ಣ ಕಡಿತಗಳನ್ನೂ ಮರೆಯುವಂತಿಲ್ಲ. ಐಆರ್‌ಸಿಟಿಸಿಯಲ್ಲಿ ಎಸಿ ಅಲ್ಲದ ಟಿಕೆಟ್ಟಿಗೆ ಯುಪಿಐ ಮೂಲಕ ಕಟ್ಟಿದರೆ ಸೇವಾಶುಲ್ಕ 10 ರೂಪಾಯಿ, ಕಾರ್ಡ್ ಮುಂತಾದವಕ್ಕೆ 15. ಎಸಿಗೆ 20 ಮತ್ತು 30. ಅದರ ಮೇಲೆ ಜಿಎಸ್‌ಟಿ, ಜೊತೆಗೆ ಕಾರ್ಡ್ ಪಾವತಿಗೆ ಶೇಕಡಾ ಒಂದರಷ್ಟು ಗೇಟ್‌ವೇ ಶುಲ್ಕ. 400 ರೂಪಾಯಿಯ ಸ್ಲೀಪರ್ ಟಿಕೆಟ್ಟಿಗೆ ಸಾಧಾರಣ ಕಾರ್ಡಿನ ಪಾಯಿಂಟ್ ಸುಮಾರು ಎರಡು ರೂಪಾಯಿಯಷ್ಟೇ ಆಗುವಾಗ ಸುಮಾರು ಹತ್ತು ರೂಪಾಯಿ ಹೆಚ್ಚು ಕೊಟ್ಟು ಕಾರ್ಡ್ ಬಳಸುವುದು ತಪ್ಪು ಲೆಕ್ಕ. ಅಂಗಡಿಯಲ್ಲೂ ಹಾಗೆಯೇ. “ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತಕ್ಕ” ಎಂದು ಅಂಗಡಿಯವರು ಹೇಳಿದರೆ ಅಲ್ಲಿ ಪಾಯಿಂಟಿನ ಯೋಚನೆ ಬಿಟ್ಟುಬಿಡಿ. ಪಾಯಿಂಟ್ ಬದಲಾಯಿಸಿಕೊಳ್ಳುವಾಗಲೂ ಅನೇಕ ಬ್ಯಾಂಕುಗಳು ಒಂದು ಸಲಕ್ಕೆ 99 ರೂಪಾಯಿ ಮತ್ತು ಜಿಎಸ್‌ಟಿ ಹಿಡಿಯುತ್ತವೆ, ಆದ್ದರಿಂದ ಚೂರುಚೂರಾಗಿ ಬಳಸದೆ ಒಟ್ಟಿಗೆ ಬಳಸಬೇಕು.

ಈ ಎಲ್ಲ ಕಡಿತಗಳನ್ನು ಒಟ್ಟು ಸೇರಿಸಿದರೂ ಬಡ್ಡಿಯ ಮುಂದೆ ಅವು ಏನೂ ಅಲ್ಲ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು ಅಚ್ಚಾಗಿರುವ ಸಣ್ಣ ಮೊತ್ತವನ್ನು ಕಟ್ಟಿದರೆ ಸಾಕು, ತಪ್ಪೇನಿಲ್ಲ ಎಂದು ತಿಳಿದವರು ಬಹಳ ಜನ. ದಯವಿಟ್ಟು ಈ ಉದಾಹರಣೆಯನ್ನು ಪೆನ್ಸಿಲ್ ಹಿಡಿದು ಓದಿ.

ಜೂನ್ 1ರಂದು 20,000 ರೂಪಾಯಿಯ ಫ್ರಿಜ್ ಕೊಂಡಿರಿ. ಜೂನ್ 15ಕ್ಕೆ ಬಿಲ್, ಜುಲೈ 5 ಕೊನೆಯ ದಿನ. ಕನಿಷ್ಠ ಪಾವತಿ ಶೇಕಡಾ 5 ಎಂದರೆ 1,000 ರೂಪಾಯಿ. ಅದನ್ನಷ್ಟೇ ಜುಲೈ 5ರಂದು ಕಟ್ಟಿದಿರಿ. ಬಡ್ಡಿ ತಿಂಗಳಿಗೆ ಶೇಕಡಾ 3.5, ವರ್ಷಕ್ಕೆ 42. ಈ ಬಡ್ಡಿ ಜುಲೈ 5ರಿಂದ ಶುರುವಾಗುವುದಿಲ್ಲ. ನೀವು ಕೊಂಡ ಜೂನ್ 1ರಿಂದಲೇ ಶುರು. ಮೊದಲ 34 ದಿನ 20,000ದ ಮೇಲೆ ಸುಮಾರು 782 ರೂಪಾಯಿ, ಜುಲೈ 15ರವರೆಗಿನ 11 ದಿನ 19,000ದ ಮೇಲೆ ಸುಮಾರು 241. ಒಟ್ಟು 1,023, ಅದಕ್ಕೆ ಜಿಎಸ್‌ಟಿ 184, ಕೂಡಿದರೆ 1,207. ಸಾವಿರ ರೂಪಾಯಿ ಕಟ್ಟಿದ ಮೇಲೂ ನಿಮ್ಮ ಬಾಕಿ 20,207. ಕಟ್ಟಿದ್ದಕ್ಕಿಂತ ಸಾಲ ಹೆಚ್ಚಾಯಿತು! ಇಷ್ಟಕ್ಕೂ ಆ ಫ್ರಿಜ್ಜಿಗೆ ನಮ್ಮ ರೈಲ್ವೆ ಕಾರ್ಡಿನ ಲೆಕ್ಕದಲ್ಲಿ ಸಿಕ್ಕ ಪಾಯಿಂಟ್ 160. ಇನ್ನೊಂದು ಸಂಗತಿ ಬಿಲ್ಲಿನ ಸಣ್ಣ ಅಕ್ಷರಗಳಲ್ಲಿರುತ್ತದೆ: ಬಾಕಿ ಉಳಿದಿರುವಷ್ಟು ದಿನ ಹೊಸ ಖರ್ಚಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ, ಇಂದು ಕೊಂಡ ಅಕ್ಕಿಗೂ ಇಂದಿನಿಂದಲೇ ಬಡ್ಡಿ. ಕಾರ್ಡಿನ ಬಡ್ಡಿಗೆ ವರ್ಷಕ್ಕೆ ಶೇಕಡಾ 30ರ ಮಿತಿ ಇರಬೇಕೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದುಮಾಡಿತು. ಆ ಮಿತಿ ಈಗಲೂ ಇದೆಯೆಂದು ನಂಬಿಕೊಂಡು ಇರಬೇಡಿ.

ಪೂರ್ತಿ ಬಿಲ್ ತಪ್ಪದೆ ಕಟ್ಟಬಲ್ಲವರಿಗೆ ಮಾತ್ರ ಈ ಅಧ್ಯಾಯದ ಉಳಿದ ಭಾಗ ಉಪಯುಕ್ತ. ಕಟ್ಟಲಾಗದ ತಿಂಗಳುಗಳು ಬರುವ ಮನೆಯಾದರೆ ಖಾತೆಯ ಯುಪಿಐ ಸಾಕು. ಅದರಲ್ಲಿ ಕೊರತೆಯೇನೂ ಇಲ್ಲ.

ಈಗ ವಿಮಾನದ ಪಾಯಿಂಟ್. ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಅನೇಕವು ಆಸ್ಟ್ರೇಲಿಯಕ್ಕೂ ಇಂಗ್ಲೆಂಡಿಗೂ ಹೋಗಿ ನೆಲೆಸಿವೆ; ಈಚೆಗೆ ಬೆಂಗಳೂರಿನ ಕಂಪನಿಗಳ ಮೂಲಕ ಹೊರದೇಶ ಸೇರಿದ ಮಕ್ಕಳೂ ಇದ್ದಾರೆ. ಅವರನ್ನು ನೋಡಲು ಹೋಗುವ ತಂದೆತಾಯಿಗಳ ಟಿಕೆಟ್ಟೇ ಪಾಯಿಂಟಿಗೆ ಅತಿ ಹೆಚ್ಚು ಬೆಲೆ ಸಿಗುವ ಜಾಗ. ಕೆಲವು ಕಾರ್ಡುಗಳು ಪಾಯಿಂಟನ್ನು ವಿಮಾನ ಕಂಪನಿಯ ಮೈಲಿಯಾಗಿ ವರ್ಗಾಯಿಸಲು ಬಿಡುತ್ತವೆ. ಒಂದು ಮಾದರಿ ಲೆಕ್ಕ ನೋಡಿ: ಹಣ ಕೊಟ್ಟರೆ ಟಿಕೆಟ್ 38,000 ರೂಪಾಯಿ, ಮೈಲಿಯಲ್ಲಿ 20,000 ಮೈಲಿ, ಜೊತೆಗೆ ತೆರಿಗೆ ಮತ್ತು ಶುಲ್ಕ 6,000 ರೂಪಾಯಿ. ಮೈಲಿಯ ಟಿಕೆಟ್ಟಿಗೂ ತೆರಿಗೆ ಕೈಯಿಂದಲೇ ಕೊಡಬೇಕು. 38,000ದಲ್ಲಿ 6,000 ಕಳೆದು 20,000ದಿಂದ ಭಾಗಿಸಿದರೆ ಒಂದು ಮೈಲಿಗೆ 1.60 ರೂಪಾಯಿ. ಅದೇ ಪಾಯಿಂಟನ್ನು ಮಿಕ್ಸರ್ರಿಗೋ ಸೂಟ್‌ಕೇಸಿಗೋ ಬದಲಾಯಿಸಿದ್ದರೆ ಅದರ ಕಾಲುಭಾಗವೂ ಸಿಗದಿರಬಹುದು. ಆದರೆ ಮೈಲಿಯ ಸೀಟುಗಳು ವಿಮಾನದಲ್ಲಿ ಕೆಲವೇ ಇರುತ್ತವೆ, ಪಾಯಿಂಟ್ ಒಮ್ಮೆ ವರ್ಗಾವಣೆಯಾದರೆ ಹಿಂದಕ್ಕೆ ಬರುವುದಿಲ್ಲ. ಸೀಟು ಕಣ್ಣಿಗೆ ಕಂಡ ಮೇಲೆ ವರ್ಗಾಯಿಸಬೇಕು, ಮೊದಲೇ ಅಲ್ಲ.

ಪಾಯಿಂಟ್ ಕೂಡಿಡುವವರಿಗೆ ಇನ್ನೊಂದು ಮಾತು ಹೇಳಲೇಬೇಕು. ಬ್ಯಾಂಕಿನ ಠೇವಣಿಯ ಹಾಗೆ ಅದಕ್ಕೆ ವಿಮೆ ಇಲ್ಲ, ಬಡ್ಡಿ ಇಲ್ಲ. ಹಲವು ಕಾರ್ಡುಗಳಲ್ಲಿ 24 ತಿಂಗಳಿಗೆ ಅದು ರದ್ದಾಗುತ್ತದೆ. ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿತು, 2012ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಅದರ ‘ಕಿಂಗ್ ಕ್ಲಬ್’ ಮೈಲಿಗಳನ್ನು ಮಕ್ಕಳ ಮದುವೆಗೆ, ನಿವೃತ್ತಿಯ ಪ್ರವಾಸಕ್ಕೆ ಎಂದು ಕಾಯ್ದಿಟ್ಟವರಿಗೆ ಹತ್ತಲು ವಿಮಾನವೇ ಇರಲಿಲ್ಲ. ವಿಸ್ತಾರ ವಿಮಾನ ಕಂಪನಿ 2024ರ ನವೆಂಬರಿನಲ್ಲಿ ಏರ್ ಇಂಡಿಯಾದಲ್ಲಿ ಸೇರಿಹೋದಾಗ ಮಾತ್ರ ಪಾಯಿಂಟುಗಳು ಹೊಸ ಕಂಪನಿಗೆ ದಾಟಿಕೊಂಡವು. ಎರಡೂ ಆಗಬಹುದು, ನಮ್ಮ ಕೈಯಲ್ಲಿಲ್ಲ. ಬರುವ ವರ್ಷ ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದರೆ ಅಷ್ಟಕ್ಕೆ ಬೇಕಾದಷ್ಟು ಸೇರಿಸಿ, ಸೇರಿದ ಕೂಡಲೇ ಬಳಸಿ.

ಈ ವಿಷಯ ಇಲ್ಲಿಗೆ ಮುಗಿಯುವುದಿಲ್ಲ, ನಿಜವಾದ ಓದು ಇನ್ನು ಶುರುವಾಗಬೇಕು. ಪ್ರತಿ ಕಾರ್ಡಿನ ಜೊತೆಗೂ ‘ಅತಿ ಮುಖ್ಯ ನಿಯಮ ಮತ್ತು ಷರತ್ತುಗಳು’ ಎಂಬ ಕಡತ ಬರುತ್ತದೆ; ಬ್ಯಾಂಕಿನ ಜಾಲತಾಣದಲ್ಲೂ ಇರುತ್ತದೆ. ಬಡ್ಡಿಯ ಉದಾಹರಣೆ ಅದರಲ್ಲಿ ಅಂಕಿಗಳ ಸಮೇತ ಸಿಗುತ್ತದೆ. ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯ ಪಿಯು ಕಾಲೇಜುಗಳ ವಾಣಿಜ್ಯ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಹೆಸರು, ಸಂಖ್ಯೆ ಅಳಿಸಿದ ಒಂದು ಹಳೆಯ ಕಾರ್ಡ್ ಬಿಲ್ಲನ್ನು ತರಗತಿಗೆ ತನ್ನಿ. ದಿನ ಎಣಿಸಿ ಬಡ್ಡಿ ಹಾಕುವುದನ್ನು ಮಕ್ಕಳಿಂದಲೇ ಮಾಡಿಸಿ. ಇವರಲ್ಲಿ ಹಲವರು ಎರಡು ಮೂರು ವರ್ಷದಲ್ಲಿ ಬೆಂಗಳೂರಿನ ರೈಲು ಹತ್ತುವವರು, ಮೊದಲ ಸಂಬಳದ ವಾರದಲ್ಲೇ ಕಾರ್ಡಿಗೆ ಸಹಿ ಕೇಳಲಿಕ್ಕೆ ಬ್ಯಾಂಕಿನವರು ಬರುತ್ತಾರೆ. ಅಲ್ಲಿಂದ ಮುಂದೆ ಹೋಗಬೇಕೆನ್ನುವ ವಿದ್ಯಾರ್ಥಿಗೆ ಇನ್ನೂ ಸೊಗಸಾದ ಪ್ರಶ್ನೆಯೊಂದಿದೆ: ಜನ ಬಳಸದೆ ಬಿಟ್ಟ ಪಾಯಿಂಟುಗಳನ್ನು ಕಂಪನಿ ತನ್ನ ಪುಸ್ತಕದಲ್ಲಿ ಹೇಗೆ ಬರೆದಿಡುತ್ತದೆ? ಅದು ಕಂಪನಿಯ ಮೇಲಿನ ಹೊಣೆ, ಎಷ್ಟು ಜನ ಬಳಸಬಹುದೆಂಬ ಅಂದಾಜಿನ ಮೇಲೆ ಅದಕ್ಕೆ ಹಣ ತೆಗೆದಿಡಬೇಕು. ಎಸ್‌ಬಿಐ ಕಾರ್ಡ್ಸ್ 2020ರ ಮಾರ್ಚಿನಲ್ಲಿ ಷೇರುಪೇಟೆಗೆ ಬಂದ ಕಂಪನಿ. ಅದರ ವಾರ್ಷಿಕ ವರದಿಯನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ರಿವಾರ್ಡ್ ಪಾಯಿಂಟಿಗೆ ತೆಗೆದಿಟ್ಟ ಮೊತ್ತವನ್ನು ಹುಡುಕಿ, ಹಿಂದಿನ ವರ್ಷದ್ದರ ಪಕ್ಕದಲ್ಲಿಟ್ಟು ನೋಡುವುದರಿಂದ ಶುರುಮಾಡಿ.